ಕೊನೆಯ ಬೆಂಚಿನಲ್ಲಿ ಕೂತು ಬರೆದದ್ದು

ನನಗೆ ಮಾತು ಕಲಿಸಿದವರು ಶಾಲೆಯವರಲ್ಲ, ಮನೆಯ ಮುದುಕರು. ಶಂಕರಪುರದ ನಮ್ಮ ಮನೆಯೊಳಗೆ ಕೊಂಕಣಿ, ಅಂಗಳ ದಾಟಿದರೆ ತುಳು. ಕನ್ನಡವೆಂಬುದು ಅಜ್ಜನ ಬಾಯಲ್ಲಿ ಮಾತ್ರ ಇತ್ತು. ಅವರು ದಿನಪತ್ರಿಕೆಯನ್ನು ಮೊದಲ ಪುಟದ ತಲೆಬರಹದಿಂದ ಹಿಡಿದು ಕೊನೆಯ ಪುಟದ ಶ್ರದ್ಧಾಂಜಲಿಯವರೆಗೆ ಗಟ್ಟಿಯಾಗಿ ಓದುತ್ತಿದ್ದರು. ಅಜ್ಜಿ, ಅಜ್ಜಿಯ ತಂಗಿ, ನೆರೆಮನೆಯ ಇಬ್ಬರು ಹೆಂಗಸರು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತ ಕೇಳುತ್ತಿದ್ದರು. ಓದಿ ಮುಗಿದ ಮೇಲೆ "ಅದೆಂತ ಆಯಿತಂತೆ?" ಎಂದು ಅವರಲ್ಲಿ ಯಾರಾದರೂ ಕೇಳಿದರೆ ವಿವರಿಸುವ ಕೆಲಸ ನನ್ನದು. ಏಳು ವರ್ಷದ ನಾನು ನಡುಮನೆಯಲ್ಲಿ ನಿಂತು, ಕೈ ಬೀಸಿ, ಮಂತ್ರಿ ರಾಜೀನಾಮೆ ಕೊಟ್ಟದ್ದನ್ನೂ ಲಾರಿ ಮಗುಚಿದ್ದನ್ನೂ ಒಂದೇ ಉಮೇದಿನಲ್ಲಿ ಹೇಳುತ್ತಿದ್ದೆ. ಅವರು ಹೂವು ಕಟ್ಟುವುದನ್ನು ಬಿಟ್ಟು ನಗುತ್ತಿದ್ದರು. "ಇವಳು ಟೀಚರಾಗದೆ ಬೇರೆ ಎಂತ ಆಗುವುದು?" ಎನ್ನುತ್ತಿದ್ದಳು ಅಜ್ಜಿಯ ತಂಗಿ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಾತಾಡಲು ಬರುವವಳಿಗೆ ಕಲಿಸಲೂ ಬರುತ್ತದೆ ಎಂದು ನಾನು ಯಾವ ಅನುಮಾನವೂ ಇಲ್ಲದೆ ನಂಬಿದೆ. ಆ ನಂಬಿಕೆಯ ಬಲದಿಂದಲೇ ಮುಂದೆ ನನ್ನ ಗೆಳತಿಯೊಬ್ಬಳನ್ನು ಹಾಳು ಮಾಡಿದೆ. ಇದನ್ನು ಬರೆಯುತ್ತಿರುವುದು ಅದನ್ನು ಹೇಳಲಿಕ್ಕೆ.

ತೊಂಬತ್ತರ ದಶಕದ ಕೊನೆಯಲ್ಲಿ ಉಡುಪಿಯ ಒಂದು ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ನನಗೆ ಸೀಟು ಸಿಕ್ಕಿತು. ಎರಡು ವರ್ಷದ ಕೋರ್ಸು. ಪಿ.ಯು.ಸಿ. ಮುಗಿಸಿ ಬಂದ ಹುಡುಗಿಯರೇ ಹೆಚ್ಚು. ನೀಲಿ ಅಂಚಿನ ಬಿಳಿ ಸೀರೆ ಉಟ್ಟುಕೊಂಡ ದಿನದಿಂದ ನಮಗೆ ನಾವೇ ಟೀಚರ್ ಎಂದು ಕಾಣಲು ಶುರುವಾಯಿತು. ಸಂಸ್ಥೆಯ ಒಳಗೆ ಕನ್ನಡದಲ್ಲೇ ಮಾತಾಡಬೇಕೆಂಬ ನಿಯಮವಿತ್ತು. ತುಳುವಿನವರು, ಕೊಂಕಣಿಯವರು, ಬ್ಯಾರಿ ಭಾಷೆಯವರು ಎಲ್ಲರೂ ಅಳೆದು ತೂಗಿ ಕನ್ನಡ ಆಡುವಾಗ ನಾನೊಬ್ಬಳು ಅಜ್ಜನ ಪತ್ರಿಕೆಯ ಕನ್ನಡವನ್ನು ಸಲೀಸಾಗಿ ಹರಿಸುತ್ತಿದ್ದೆ. ಮೊದಲ ತಿಂಗಳಲ್ಲೇ ನಮ್ಮ ಬೋಧನಾ ವಿಧಾನದ ಲೆಕ್ಚರರ್ ಎಲ್ಲರೆದುರು ಹೇಳಿದರು: "ಆತ್ಮವಿಶ್ವಾಸ ಅಂದರೆ ಹೇಗಿರಬೇಕು ಅಂತ ಇವಳನ್ನು ನೋಡಿ ಕಲಿಯಿರಿ."

ನೋಡಿ ಕಲಿಯಬೇಕಾದವರಲ್ಲಿ ಮೊದಲನೆಯವಳು ನನ್ನ ಪಕ್ಕದಲ್ಲಿ ಕೂರುತ್ತಿದ್ದ ಅಜೆಕಾರಿನ ಹುಡುಗಿ. ಗದ್ದೆ ಬೇಸಾಯದ ಮನೆಯವಳು, ಮನೆಮಾತು ತುಳು. ಸಣ್ಣ ದನಿ. ಹಾಸ್ಟೆಲಿನಲ್ಲಿ ನಮ್ಮಿಬ್ಬರಿಗೆ ಒಂದೇ ಕೋಣೆ. ಸಹಪಾಠಿಗಳನ್ನೇ ಮಕ್ಕಳೆಂದು ಕೂರಿಸಿ ಐದು ನಿಮಿಷ ಪಾಠ ಮಾಡುವ ಅಭ್ಯಾಸ ಶುರುವಾದಾಗ ಅವಳು ಹಲಗೆಯ ಕಡೆ ತಿರುಗಿದವಳು ನಮ್ಮ ಕಡೆ ತಿರುಗಲೇ ಇಲ್ಲ.

"ಏನಮ್ಮ, ಹಲಗೆಗೆ ಪಾಠವೋ?" ಎಂದರು ಲೆಕ್ಚರರ್.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳ ಕೈಯ ಸೀಮೆಸುಣ್ಣ ಬಿತ್ತು. ಹೆಕ್ಕಲು ಬಗ್ಗಿದವಳು ಬಹಳ ಹೊತ್ತು ಬಗ್ಗಿಯೇ ಇದ್ದಳು.

ಎರಡನೆಯ ವರ್ಷ ನಮ್ಮನ್ನು ಇಬ್ಬಿಬ್ಬರಂತೆ ಸುತ್ತಲಿನ ಪ್ರಾಥಮಿಕ ಶಾಲೆಗಳಿಗೆ ಕಳಿಸಿದರು. ನಮ್ಮಿಬ್ಬರಿಗೆ ಸಿಕ್ಕಿದ್ದು ಮಣಿಪಾಲದ ಕೆಳಗಿನ ಒಂದು ಶಾಲೆ, ಮೂರನೆಯ ತರಗತಿ. ಅಲ್ಲಿ ನಾನು ಕಂಡದ್ದನ್ನು ಆಗ ಕಂಡೆನೆಂದು ಒಪ್ಪಿಕೊಂಡಿರಲಿಲ್ಲ. ನನ್ನ ಪಾಠದಲ್ಲಿ ಮಕ್ಕಳು ಬಾಯಿ ತೆರೆದು ಕೂರುತ್ತಿದ್ದರು. ನಾನು ಹುಲಿಯಾಗುತ್ತಿದ್ದೆ, ಮಳೆಯಾಗುತ್ತಿದ್ದೆ, ಬಸ್ಸಿನ ಕಂಡಕ್ಟರ್ ಆಗುತ್ತಿದ್ದೆ. ಬೆಲ್ಲು ಹೊಡೆದರೆ "ಇನ್ನೊಂದು ಟೀಚರ್, ಇನ್ನೊಂದು!" ಎನ್ನುತ್ತಿದ್ದರು. ಅವಳ ಪಾಠದಲ್ಲಿ ಅಂಥದ್ದೇನೂ ಇಲ್ಲ. ಅವಳು ಹಲಗೆಯ ಮೇಲೆ ಸ್ವಲ್ಪ ಬರೆಯುತ್ತಿದ್ದಳು, ಆಮೇಲೆ ಬೆಂಚುಗಳ ನಡುವೆ ಹೋಗಿ ನೆಲದ ಮೇಲೆ ಕೂತುಬಿಡುತ್ತಿದ್ದಳು, ಬಿಳಿ ಸೀರೆಯಲ್ಲಿ. ಒಂದೊಂದು ಮಗುವಿನ ಸ್ಲೇಟು ನೋಡಿ "ಇದನ್ನು ಹೇಗೆ ಮಾಡಿದ್ದು? ನನಗೆ ಸ್ವಲ್ಪ ಹೇಳು" ಎಂದು ಕೇಳುತ್ತಿದ್ದಳು. ತಪ್ಪು ಮಾಡಿದವರನ್ನೂ ಹಾಗೆಯೇ ಕೇಳುತ್ತಿದ್ದಳು. ಮಕ್ಕಳು ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಅರ್ಧದಲ್ಲಿ ನಿಂತು ತಾವೇ ಉಜ್ಜಿ ಸರಿ ಮಾಡುತ್ತಿದ್ದರು.

ಒಂದು ಸಂಜೆ ಸಿಟಿ ಬಸ್ಸಿನಲ್ಲಿ ಅವಳೇ ಮಾತು ತೆಗೆದಳು.

"ನಿಂಗೊಂದು ವಿಷಯ ಹೇಳ್ಲಾ? ಮಕ್ಕಳ ಎದುರು ನಂಗೆ ಹೆದರಿಕೆಯೇ ಆಗುವುದಿಲ್ಲ ಮಾರಾಯ್ತಿ."

"ಮತ್ತೆ ಯಾರ ಎದುರು ಆಗುವುದು?"

"ದೊಡ್ಡವರ ಎದುರು. ಹಿಂದೆ ಯಾರಾದರೂ ಪೆನ್ನು ಹಿಡಿದುಕೊಂಡು ಕೂತರೆ ಮುಗಿಯಿತು. ಈ ಪರೀಕ್ಷಾ ಪಾಠ ಒಂದು ದಾಟಿದರೆ ಸಾಕು. ಮತ್ತೆ ಕ್ಲಾಸಿನೊಳಗೆ ನಾನು, ಮಕ್ಕಳು ಅಷ್ಟೇ ಅಲ್ವಾ?"

"ಇನ್‌ಸ್ಪೆಕ್ಟರು ಬರುತ್ತಾರಲ್ಲ."

"ವರ್ಷಕ್ಕೊಮ್ಮೆ ಬರಲಿ, ಪಾಪ" ಎಂದು ನಕ್ಕಳು. ಎರಡು ವರ್ಷದಲ್ಲಿ ಅವಳು ಹಾಗೆ ನಿರಾಳವಾಗಿ ನಕ್ಕದ್ದು ನನಗೆ ನೆನಪಿರುವುದು ಅದೊಂದೇ. ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದಳು: "ನಂಗೆ ಆಗ್ತದೆ ಅಂತ ಕಾಣ್ತದೆ ಈಗ. ಮೊದಲು ಆಗುವುದಿಲ್ಲ ಅಂತ ಇತ್ತು."

ಪರೀಕ್ಷಾ ಪಾಠವೆಂದರೆ ಕೊನೆಯ ವರ್ಷದ ಕೊನೆಯ ಪಾಠ. ಹೊರಗಿನಿಂದ ಒಬ್ಬ ಪರೀಕ್ಷಕರು ಬಂದು ಹಿಂದೆ ಕೂತು ಅಂಕ ಹಾಕುತ್ತಾರೆ. ಸರಕಾರಿ ಶಾಲೆಗೆ ಆಯ್ಕೆಯಾಗಬೇಕಾದರೆ ಆಗ ಅಂಕಗಳೇ ಮುಖ್ಯ. ಅದಕ್ಕಾಗಿ ನಮ್ಮಲ್ಲಿ ಒಂದು ಗುಟ್ಟಿನ ಪದ್ಧತಿ ಇತ್ತು. ಹಿರಿಯ ಬ್ಯಾಚಿನವರು ಕಿರಿಯರಿಗೆ ದಾಟಿಸುತ್ತ ಬಂದದ್ದು, ಲೆಕ್ಚರರಿಗೆ ಗೊತ್ತಿದ್ದೂ ಗೊತ್ತಿಲ್ಲದ್ದು. ಪರೀಕ್ಷೆಗೆ ಮುಂಚೆ ಅದೇ ಪಾಠವನ್ನು ಅದೇ ಮಕ್ಕಳಿಗೆ ಎರಡು ಮೂರು ಸಲ ಮಾಡಿಟ್ಟಿರಬೇಕು. ಆಮೇಲೆ ಮಕ್ಕಳಿಗೆ ಹೇಳಿಡಬೇಕು: ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಿ, ಯಾರೂ ಸುಮ್ಮನೆ ಕೂರಬೇಡಿ. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಟೀಚರ್ ಬಲಗೈಯವರನ್ನೇ ಕೇಳುತ್ತಾರೆ. ಹಿಂದೆ ಕೂತ ಪರೀಕ್ಷಕರಿಗೆ ಕಾಣುವುದು ಇಡೀ ತರಗತಿ ಕೈ ಎತ್ತಿದ್ದು, ಕೇಳಿದವರೆಲ್ಲ ಸರಿ ಹೇಳಿದ್ದು.

ನಾನು ಅದನ್ನು ಒಂದು ಆಟವೆಂಬಂತೆ ಮಕ್ಕಳಿಗೆ ಹೇಳಿಕೊಟ್ಟೆ. ಮಕ್ಕಳಿಗೆ ಖುಷಿಯೋ ಖುಷಿ. ಒಬ್ಬಳನ್ನು ಬಿಟ್ಟು.

ಅವಳು ಕಟ್ಟಡ ಕೆಲಸಕ್ಕೆ ಬಂದ ಬಾಗಲಕೋಟೆ ಕಡೆಯವರ ಮಗಳು. ಆಗ ಮಣಿಪಾಲದಲ್ಲಿ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿತ್ತು, ಏಳಿಸುವವರ ತಗಡಿನ ಜೋಪಡಿಗಳು ಅದರ ಬುಡದಲ್ಲೇ ಇದ್ದವು. ಆ ತರಗತಿಯಲ್ಲಿ ಮನೆಮಾತು ಕನ್ನಡವಾಗಿದ್ದುದು ಅವಳೊಬ್ಬಳಿಗೇ. ಆದರೂ "ಅವಳಿಗೆ ಕನ್ನಡ ಬರುವುದಿಲ್ಲ ಟೀಚರ್" ಎಂದು ಉಳಿದವರು ಚಾಡಿ ಹೇಳುತ್ತಿದ್ದರು. ಅವಳು ಬಾಯಿ ತೆರೆದರೆ ಸಾಕು, ಹಿಂದಿನ ಬೆಂಚಿನಿಂದ "ಹೌದ್ರಿ, ಇಲ್ರಿ" ಎಂದು ಅಣಕಿಸುತ್ತಿದ್ದರು. ಹಾಗಾಗಿ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ಓದುವುದೂ ಅಷ್ಟಕ್ಕಷ್ಟೇ, ಲೆಕ್ಕವೂ ಅಷ್ಟಕ್ಕಷ್ಟೇ.

ನನ್ನ ಅಭ್ಯಾಸ ಪಾಠದ ದಿನ ಅವಳು ಪ್ರತಿ ಪ್ರಶ್ನೆಗೂ ಬಲಗೈ ಎತ್ತಿದಳು. ಖುಷಿಯಾಗಿ ಅವಳನ್ನೇ ಕೇಳಿದೆ. ಎದ್ದು ನಿಂತಳು. ಉತ್ತರವಿಲ್ಲ. ಮತ್ತೊಂದು ಪ್ರಶ್ನೆ, ಮತ್ತೆ ಬಲಗೈ, ಮತ್ತೆ ಮೌನ. ಪಾಠ ಮುಗಿದ ಮೇಲೆ ಕರೆದು ಕೇಳಿದೆ.

"ಗೊತ್ತಿಲ್ಲದಿದ್ದರೆ ಎಡಗೈ ಎತ್ತಬೇಕು ಅಂತ ಹೇಳಿದ್ದೆ ಅಲ್ವಾ ನಾನು?"

"ದೊಡ್ಡೋರ ಮುಂದ ಎಡಗೈ ಎತ್ತಬಾರ್ದ್ರಿ ಟೀಚರ್. ನಮ್ಮ ಆಯಿ ಬೈತಾಳ್ರಿ."

ಆಯಿ ಎಂದರೆ ಅಜ್ಜಿ. ನಾನೂ ಅಜ್ಜಿ ಹೇಳಿದ್ದನ್ನು ಕೇಳಿ ಬೆಳೆದವಳೇ. ಕೊಡುವಾಗ, ತೆಗೆದುಕೊಳ್ಳುವಾಗ ಎಡಗೈ ಮುಂದೆ ಚಾಚಿದರೆ ನಮ್ಮ ಮನೆಯಲ್ಲೂ ಬೀಳುತ್ತಿತ್ತು ಪೆಟ್ಟು. ಆ ಮಗು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು. ಅರ್ಥವಾದ ಮೇಲೂ ಹೇಳಿದೆ: "ಹಾಗಾದರೆ ನಾಳೆ ನೀನು ಬರುವುದು ಬೇಡ."

"ನಾ ಏನ್ ತಪ್ಪ್ ಮಾಡೇನ್ರಿ?"

"ತಪ್ಪೇನಿಲ್ಲ. ನಾಳೆ ನಿನಗೊಬ್ಬಳಿಗೆ ರಜೆ. ನಾಡಿದ್ದು ಬಾ."

ಅವಳು ಸ್ಲೇಟನ್ನು ಎದೆಗೆ ಒತ್ತಿಕೊಂಡು ಹೋದಳು. ರಜೆ ಸಿಕ್ಕಿದ ಮಗು ನಡೆಯುವ ಹಾಗೆ ನಡೆಯಲಿಲ್ಲ.

ಮರುದಿನ ನನ್ನ ಪರೀಕ್ಷಾ ಪಾಠ ಅಮೋಘವಾಗಿ ನಡೆಯಿತು. ಕನ್ನಡ ಪಾಠ. ಕತೆ ಹೇಳಿದೆ, ಹಾಡಿದೆ, ಪ್ರಶ್ನೆ ಕೇಳಿದೆ. ಕೈಗಳು ಕಾಡಿನ ಹಾಗೆ ಎದ್ದವು. ಪರೀಕ್ಷಕರು ಪಾಠ ಮುಗಿಯುವ ಮೊದಲೇ ಪೆನ್ನಿನ ಕ್ಯಾಪು ಹಾಕಿದರು. "ಹುಟ್ಟು ಶಿಕ್ಷಕಿ" ಎಂದರು ಲೆಕ್ಚರರ ಕಡೆ ನೋಡಿ. ಎಡಗೈ ಎತ್ತಿದವರು ಯಾರು ಯಾರೆಂದು ನಾನು ನೋಡಲೂ ಇಲ್ಲ. ನೋಡಬಾರದೆಂದೇ ಅಲ್ಲವೇ ಆ ಪದ್ಧತಿ?

ಅದರ ಮರುದಿನ ನನ್ನ ಗೆಳತಿಯದು. ಗಣಿತ. ಮೂರಂಕಿಯ ಸಂಖ್ಯೆಗಳ ಸ್ಥಾನಬೆಲೆ. ಬೆಳಿಗ್ಗೆ ಬಸ್ಸಿನಲ್ಲೇ ಹೇಳಿದೆ, "ಮಕ್ಕಳಿಗೆ ಕೈಯ ವಿಷಯ ನಾನು ಹೇಳಿಟ್ಟಿದ್ದೇನೆ, ನೀನು ಬಲಗೈಯವರನ್ನು ಕೇಳಿದರೆ ಆಯಿತು. ಮತ್ತೆ ಆ ಹುಡುಗಿಯನ್ನು ಮಾತ್ರ ಕೇಳಬೇಡ." ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಅದರಲ್ಲಿ ಹಿಡಿಸೂಡಿ ಪೊರಕೆಯ ಕಡ್ಡಿಗಳನ್ನು ಹತ್ತು ಹತ್ತು ಸೇರಿಸಿ ಕಟ್ಟಿದ ಕಟ್ಟುಗಳಿದ್ದವು.

ಪರೀಕ್ಷೆಯಲ್ಲಿ ಇನ್ನೊಂದು ಏರ್ಪಾಡು ಇತ್ತು. ಜೊತೆಯವಳೂ ಕೊನೆಯ ಬೆಂಚಿನಲ್ಲಿ ಕೂತು ಅವಲೋಕನದ ಹಾಳೆ ತುಂಬಬೇಕು. ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಹಲಗೆಯ ಬಳಕೆ, ತರಗತಿಯ ಹತೋಟಿ, ಆತ್ಮವಿಶ್ವಾಸ ಎಂದು ಅಂಕಣಗಳು. ಆಮೇಲೆ ಆ ಹಾಳೆಯನ್ನು ಪಾಠ ಮಾಡಿದವಳ ದಾಖಲೆ ಪುಸ್ತಕಕ್ಕೆ ಅಂಟಿಸಬೇಕು. ನನ್ನ ಪಾಠಕ್ಕೆ ಅವಳು ಎಲ್ಲ ಅಂಕಣಗಳಲ್ಲೂ "ಬಹಳ ಚೆನ್ನಾಗಿದೆ" ಎಂದು ಮುದ್ದಾದ ಅಕ್ಷರದಲ್ಲಿ ಬರೆದಿದ್ದಳು.

ಪಾಠ ಶುರುವಾದಾಗ ಪರೀಕ್ಷಕರು ಇನ್ನೂ ಪಕ್ಕದ ತರಗತಿಯಲ್ಲಿದ್ದರು. ಅವಳ ದನಿ ನಡುಗಲಿಲ್ಲ. ಕಡ್ಡಿಕಟ್ಟುಗಳನ್ನು ಮಕ್ಕಳ ಕೈಗೆ ಕೊಟ್ಟು ಎಣಿಸಿದಳು. ಆಮೇಲೆ "ಮುನ್ನೂರ ಐದು, ಯಾರು ಬರೆಯುತ್ತೀರಿ?" ಎಂದು ಕೇಳಿದಳು. ಕೈಗಳು ಎದ್ದವು, ಬಲದ್ದು ಎಡದ್ದು ಸೇರಿ. ಬಾಗಲಕೋಟೆಯ ಹುಡುಗಿಯ ಬಲಗೈಯೂ ಎದ್ದಿತ್ತು. ನನ್ನ ಗೆಳತಿ ಇಡೀ ತರಗತಿಯನ್ನು ಒಮ್ಮೆ ನೋಡಿದಳು. ನನ್ನನ್ನೂ ನೋಡಿದಳು. ಆ ಹುಡುಗಿಯನ್ನೇ ಹಲಗೆಗೆ ಕರೆದಳು.

ಹುಡುಗಿ ಬಂದು 3005 ಎಂದು ಬರೆದಳು. ಮುನ್ನೂರು ಬರೆದು, ಪಕ್ಕದಲ್ಲಿ ಐದು. ಮಕ್ಕಳು ಗೊಳ್ಳೆಂದು ನಕ್ಕರು. ಅದೇ ಹೊತ್ತಿಗೆ ಪರೀಕ್ಷಕರು ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತರು.

ನಾನಾಗಿದ್ದರೆ ಆ ಮಗುವನ್ನು ಕೂರಿಸಿ ಬೇರೆಯವರನ್ನು ಕರೆಯುತ್ತಿದ್ದೆ. ಅವಳು ಕೂರಿಸಲಿಲ್ಲ.

"ಹೇಗೆ ಬರೆದದ್ದು? ನನಗೆ ಹೇಳು" ಎಂದಳು.

ಹುಡುಗಿ ನೆಲ ನೋಡಿದಳು. ನನ್ನ ಗೆಳತಿ ಹಲಗೆಯ ಮೇಲೆ ಸಾಲಾಗಿ ಮೂರು ಮನೆ ಬರೆದಳು. ನೂರರ ಮನೆ, ಹತ್ತರ ಮನೆ, ಬಿಡಿಯ ಮನೆ. ಒಂದು ಮನೆಯಲ್ಲಿ ಒಬ್ಬರಿಗೆ ಮಾತ್ರ ಜಾಗ ಎಂದಳು. ಹುಡುಗಿಯ ಕೈಗೆ ಕಡ್ಡಿಗಳನ್ನು ಕೊಟ್ಟಳು. ನಿಧಾನ, ಎಷ್ಟು ನಿಧಾನವೆಂದರೆ ನನ್ನ ಪಕ್ಕದಲ್ಲಿ ಪರೀಕ್ಷಕರು ಎರಡು ಸಲ ಗಡಿಯಾರ ನೋಡಿದರು. ಹುಡುಗಿ ನೂರರ ಮನೆಯಲ್ಲಿ ಮೂರು ಬರೆದಳು. ಬಿಡಿಯ ಮನೆಯಲ್ಲಿ ಐದು ಬರೆದಳು. ನಡುವೆ ನಿಂತುಬಿಟ್ಟಳು.

"ಈ ಮನೆಯಲ್ಲಿ ಯಾರಿದ್ದಾರೆ?"

ಹುಡುಗಿ ಬಹಳ ಹೊತ್ತು ನೋಡಿ ಹೇಳಿದಳು: "ಯಾರೂ ಇಲ್ರಿ. ಕೀಲಿ ಹಾಕ್ಯಾರ್ರಿ."

ಹಿಂದಿನವರು ಮತ್ತೆ ನಕ್ಕರು. ನನ್ನ ಗೆಳತಿ ನಗಲಿಲ್ಲ. "ಸರಿ. ಬೀಗ ಹಾಕಿದ್ದಾರೆ. ಬೀಗ ಹಾಕಿದ್ದಾರೆ ಅಂತ ಮನೆಯೇ ಇಲ್ಲ ಅಂತ ಆಗ್ತದಾ?"

"ಇಲ್ರಿ. ಮನಿ ಐತ್ರಿ. ನಮ್ಮೂರಾಗ ನಮ್ಮನಿನೂ ಕೀಲಿ ಹಾಕೇತ್ರಿ."

"ಹಾಗಾದರೆ ಒಳಗೆ ಯಾರೂ ಇಲ್ಲ ಅಂತ ತೋರಿಸುವುದು ಹೇಗೆ?"

ನಗುತ್ತಿದ್ದವರೂ ಈಗ ಹಲಗೆ ನೋಡುತ್ತಿದ್ದರು. ಯಾರದೋ ಕಡ್ಡಿಕಟ್ಟು ಕೆಳಗೆ ಬಿದ್ದರೂ ಯಾರೂ ತಿರುಗಲಿಲ್ಲ. ಹುಡುಗಿ ಸೀಮೆಸುಣ್ಣವನ್ನು ನಡುವಿನ ಮನೆಯ ಹತ್ತಿರ ಒಯ್ದಳು, ಹಿಂದೆ ತೆಗೆದಳು, ಮತ್ತೆ ಒಯ್ದು ದುಂಡಗೆ ಒಂದು ಸೊನ್ನೆ ಬರೆದಳು. ಆಮೇಲೆ ಯಾರೂ ಹೇಳದೆಯೇ ಪಕ್ಕದಲ್ಲಿದ್ದ 3005ನ್ನು ಅಂಗೈಯಿಂದ ಉಜ್ಜಿ 305 ಎಂದು ಬರೆದಳು. "ಏಳುನೂರ ಎರಡು?" ಎಂದು ಕೇಳಿದಾಗ ಮನೆ ಬರೆಯದೆ ನೇರ ಬರೆದಳು. "ಆರುನೂರ ನಲವತ್ತು?" ಅದನ್ನೂ ಬರೆದಳು. ಎಡಗೈ ಎತ್ತಿದ್ದ ನಾಲ್ಕಾರು ಮಕ್ಕಳು ಕೈ ಇಳಿಸಿ ಸ್ಲೇಟಿನ ಮೇಲೆ ಬಗ್ಗಿ ಬರೆಯತೊಡಗಿದರು.

ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಪಾಠಯೋಜನೆಯಲ್ಲಿ ಬರೆದಿದ್ದ ಮೌಲ್ಯಮಾಪನ, ಮನೆಗೆಲಸ ಎರಡೂ ಉಳಿದವು.

ಈಗ ಹೇಳುತ್ತೇನೆ. ನನ್ನ ಇಡೀ ಜೀವನದಲ್ಲಿ ನಾನು ಕಣ್ಣಾರೆ ಕಂಡ ಒಳ್ಳೆಯ ಪಾಠ ಅದೊಂದೇ. ಅದು ನನಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು. ಆಮೇಲೆ ತಿಳಿಯಿತು ಎಂದು ಹೇಳಿ ತಪ್ಪಿಸಿಕೊಳ್ಳಲು ನನಗೆ ದಾರಿಯಿಲ್ಲ.

ಪರೀಕ್ಷಕರು ನನ್ನ ಕಡೆ ವಾಲಿ, "ನಾನು ಬರುವಾಗ ತಡವಾಯಿತು. ಮೊದಲು ಹೇಗಿತ್ತಮ್ಮ?" ಎಂದು ನನ್ನ ಹಾಳೆಗೆ ಕೈ ಚಾಚಿದರು. ಹಾಳೆ ಇನ್ನೂ ಖಾಲಿ ಇತ್ತು. "ಬರೆದು ಕೊಡುತ್ತೇನೆ ಸಾರ್" ಎಂದೆ. ಅವರ ಮುಖ ನೋಡಿದೆ. ಅವರಿಗೆ ಪಾಠ ಹಿಡಿಸಿಲ್ಲವೆಂದು ಆ ಮುಖದಲ್ಲೇ ಬರೆದಿತ್ತು. ಹುಟ್ಟು ಶಿಕ್ಷಕಿ ಎಂದು ನಿನ್ನೆ ಹೊಗಳಿಸಿಕೊಂಡವಳು ನಾನು. ಅದು ಪಾಠವಾಗಿದ್ದರೆ ನಿನ್ನೆ ನಾನು ಮಾಡಿದ್ದು ಏನು? ಈ ಪ್ರಶ್ನೆ ಏಳುವ ಮೊದಲೇ ಅದರ ಬಾಯಿ ಮುಚ್ಚಬೇಕಾಗಿತ್ತು ನನಗೆ. ಬರೆದೆ. ತರಗತಿಯ ಹತೋಟಿ: ಸಾಲದು, ಮಕ್ಕಳು ನಗುತ್ತಿದ್ದರು. ಪ್ರಶ್ನೆ ಕೇಳುವ ಕೌಶಲ: ಒಬ್ಬ ವಿದ್ಯಾರ್ಥಿನಿಗೆ ಮಾತ್ರ ಸೀಮಿತ. ಆತ್ಮವಿಶ್ವಾಸ: ಕಡಿಮೆ.

ಪರೀಕ್ಷಕರು ಓದಿ ತಲೆಯಾಡಿಸಿದರು. "ಸರಿಯಾಗಿ ಗಮನಿಸಿದ್ದೀರಿ" ಎಂದು, ಹೆಚ್ಚುಕಡಿಮೆ ಅದನ್ನೇ ತಮ್ಮ ಹಾಳೆಗೆ ಇಳಿಸಿದರು. ಆಮೇಲೆ ಎದ್ದು ಅವಳಿಗೆ ಹೇಳಿದರು: "ಶಿಕ್ಷಕರಿಗೆ ಮೊದಲು ಬೇಕಾದದ್ದು ಆತ್ಮವಿಶ್ವಾಸ. ಒಂದು ಮಗುವನ್ನು ಹಿಡಿದುಕೊಂಡು ಇಡೀ ಪೀರಿಯಡ್ ಕಳೆದರೆ ಹೇಗಮ್ಮ? ನಿಮ್ಮ ಗೆಳತಿಯಿಂದ ಸ್ವಲ್ಪ ಕಲಿತುಕೊಳ್ಳಿ."

"ಆಯ್ತು ಸಾರ್" ಎಂದಳು. ಅವಳ ಕೈ ಇನ್ನೂ ಆ ಹುಡುಗಿಯ ಹೆಗಲ ಮೇಲಿತ್ತು.

ಸಂಜೆ ಕೋಣೆಯಲ್ಲಿ ನಾನು ಆ ಹಾಳೆಯನ್ನು ಅವಳ ಪುಸ್ತಕಕ್ಕೆ ಅಂಟಿಸಬೇಕಾಗಿತ್ತು. ಗೋಂದಿನ ಬಾಟಲಿಯನ್ನು ಅವಳೇ ತಂದು ಕೊಟ್ಟಳು. ಅಂಟಿಸಿ ಕೊಟ್ಟೆ. ಓದಿದಳು. ಕೂಗಾಡುತ್ತಾಳೆಂದು ಕಾದೆ, ಅಳುತ್ತಾಳೆಂದು ಕಾದೆ.

"ಪರೀಕ್ಷಕರು ಪಕ್ಕದಲ್ಲೇ ಇದ್ದರು ಮಾರಾಯ್ತಿ" ಎಂದು ನಾನೇ ಶುರುಮಾಡಿದೆ. "ಒಳ್ಳೆಯದು ಬರೆದರೆ ಸ್ನೇಹಕ್ಕೆ ಬರೆದದ್ದು ಅಂತ ಆಗುತ್ತಿತ್ತು. ಮತ್ತೆ ನಾನು ನಿನಗೆ ಮೊದಲೇ ಹೇಳಿರಲಿಲ್ವಾ ಅವಳನ್ನು ಕರೆಯಬೇಡ ಅಂತ?"

"ಹೇಳಿದ್ದಿ."

"ಮತ್ತೆ ಯಾಕೆ ಕರೆದದ್ದು?"

"ಗೊತ್ತಿದ್ದವರನ್ನು ಕೇಳಿ ಎಂತ ಮಾಡುವುದು?" ಎಂದಳು. ಜಗಳಕ್ಕೆ ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಆಮೇಲೆ ಪುಸ್ತಕ ಮುಚ್ಚಿ ದಿಂಬಿನ ಕೆಳಗೆ ಇಟ್ಟು, ಸೀರೆ ಒಗೆಯಲು ಹೋದಳು.

ಫಲಿತಾಂಶ ಬಂದಾಗ ಅವಳು ಪಾಸಾಗಿದ್ದಳು, ಆದರೆ ಬೋಧನೆಯ ಅಂಕ ಕಡಿಮೆ. ನಾನು ಮೊದಲನೆಯವಳು. ಒಂದೆರಡು ವರ್ಷದಲ್ಲಿ ನನಗೆ ಉಚ್ಚಿಲದ ಹತ್ತಿರದ ಒಂದು ಶಾಲೆಯಲ್ಲಿ ಕೆಲಸವಾಯಿತು. ಅವಳಿಗೆ ಆ ಪಟ್ಟಿಯಲ್ಲಿ ಸಿಗಲಿಲ್ಲ. ಮುಂದಿನ ಸಲ ಅರ್ಜಿಯನ್ನೇ ಹಾಕಲಿಲ್ಲವೆಂದು ಬೇರೆಯವರಿಂದ ಕೇಳಿದೆ. ಮದುವೆಯಾಗಿದೆ, ಕಾರ್ಕಳದಲ್ಲಿದ್ದಾಳೆ ಎಂದೂ ಕೇಳಿದೆ. ಹೋಗಲಿಲ್ಲ.

ನನ್ನ ಶಾಲೆಯ ಮಕ್ಕಳು ಹೆಚ್ಚಿನವರು ಮೀನುಗಾರರ ಮನೆಯವರು. ಅವರಿಗೆ ನನ್ನ ಕತೆಗಳೆಂದರೆ ಪ್ರಾಣ. ಕಾಪುವಿನಲ್ಲಿ ಸಭೆ ಇದ್ದಾಗಲೆಲ್ಲ ಅಧಿಕಾರಿಗಳು ನನ್ನ ಕೈಯಲ್ಲೇ ಸ್ವಾಗತ ಭಾಷಣ ಮಾಡಿಸುತ್ತಿದ್ದರು. ಆದರೆ ಜೂನ್ ಬಂದಾಗ ಮೇಲಿನ ತರಗತಿಯ ಮಾಸ್ತರರು ಬಂದು ಕೇಳುತ್ತಿದ್ದರು: "ಟೀಚರ್, ನೀವು ಕಳಿಸಿದವರಲ್ಲಿ ಹತ್ತು ಹನ್ನೆರಡು ಮಂದಿಗೆ ಎರಡಕ್ಷರ ಕೂಡಿಸಿ ಓದಲು ಬರುವುದಿಲ್ಲವಲ್ಲ, ಎಂತ ಕತೆ?" ಮೊದಲ ವರ್ಷ ಮಕ್ಕಳನ್ನು ದೂರಿದೆ. ಎರಡನೆಯ ವರ್ಷ ಮನೆಯವರನ್ನು ದೂರಿದೆ. ಬಿಸಿಯೂಟ ಬಂತು, ಹೊಸ ಪುಸ್ತಕ ಬಂತು, ಅವುಗಳನ್ನೂ ದೂರಿದೆ. ದೂರಲು ಏನೂ ಉಳಿಯದ ವರ್ಷ, ಓದಲು ಬಾರದ ಒಂದು ಹುಡುಗಿಯ ಪಕ್ಕದಲ್ಲಿ ಕೂತು "ಹೇಗೆ ಓದಿದ್ದು, ನನಗೆ ಹೇಳು" ಎಂದು ಕೇಳಿ ನೋಡಿದೆ. ಅವಳು ಹೇಳಿದಳು. ಅವಳು ಹೇಳಿದ್ದರಿಂದ ಮುಂದೆ ಏನು ಮಾಡಬೇಕೆಂದು ನನಗೆ ಗೊತ್ತಾಗಲಿಲ್ಲ. ಐದು ನಿಮಿಷದಲ್ಲಿ ಎದ್ದು ಒಂದು ಕತೆ ಶುರುಮಾಡಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಆ ವಾರದ ಶನಿವಾರ ಕಾರ್ಕಳದ ಬಸ್ಸು ಹತ್ತಿದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಅವಳ ಗಂಡನ ಜೆರಾಕ್ಸ್ ಅಂಗಡಿ. ಅವಳೇ ಕೂತಿದ್ದಳು. ಸ್ವಲ್ಪ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಮೇಜಿನ ಮೇಲೆ ತರಬೇತಿಯ ಹುಡುಗಿಯರ ಪಾಠಯೋಜನೆಯ ಪುಸ್ತಕಗಳ ರಾಶಿ. ಅಕ್ಷರ ಚಂದವೆಂದು ಅವರು ಇವಳ ಕೈಯಲ್ಲಿ ಬರೆಸಿಕೊಂಡು ಹೋಗುತ್ತಿದ್ದರಂತೆ. ನನ್ನನ್ನು ನೋಡಿ ಎದ್ದು ಸ್ಟೂಲು ಎಳೆದಳು, ಎದುರಿನ ಹೋಟೆಲಿಗೆ ಚಹಾ ಹೇಳಿದಳು. ನನ್ನ ಅಮ್ಮನ ಆರೋಗ್ಯ ಕೇಳಿದಳು, ನಮ್ಮ ಮನೆಯ ಮಲ್ಲಿಗೆ ಗಿಡಗಳ ಸುದ್ದಿ ಕೇಳಿದಳು. ಚಹಾ ಮುಗಿಯುವವರೆಗೆ ನಾನೂ ಲೋಕದ ಮಾತೇ ಆಡಿದೆ. ಆಮೇಲೆ ಹೇಳಿದೆ. ಆ ದಿನದ ಪಾಠ ಚೆನ್ನಾಗಿತ್ತು ಎಂದು. ಅದು ಅವತ್ತೇ ನನಗೆ ಗೊತ್ತಿತ್ತು ಎಂದು. ಗೊತ್ತಿದ್ದೇ ಹಾಗೆ ಬರೆದೆ ಎಂದು.

ಅವಳು ಯಂತ್ರದೊಳಗಿನಿಂದ ಒಂದು ಹಾಳೆ ತೆಗೆದು ಸರಿಯಾಗಿ ಬಂದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು.

"ಆ ಸಾರ್ ಬರೆದದ್ದು ನಂಗೆ ಅಷ್ಟು ಬೇಸರ ಆಗಿರಲಿಲ್ಲ" ಎಂದಳು. "ಅವರು ಅರ್ಧದಲ್ಲಿ ಬಂದವರು, ಅವರಿಗೆ ಎಂತ ಗೊತ್ತು. ನೀನು ಮೊದಲಿನಿಂದ ನೋಡಿದ್ದಿ. ನನ್ನನ್ನು ಎರಡು ವರ್ಷ ನೋಡಿದ್ದಿ. ನಿನಗೇ ಹಾಗೆ ಕಂಡಿದ್ದರೆ ಅದು ಹಾಗೆಯೇ ಇರಬೇಕು ಅಂತ ತಿಳಿದುಕೊಂಡೆ."

"ಅಲ್ಲ, ಹಾಗಲ್ಲ. ಅದು ಸುಳ್ಳು ಅಂತ ಹೇಳಲಿಕ್ಕೇ ಬಂದದ್ದು ನಾನು."

"ಈಗ ಹೇಳ್ತಿದ್ದಿ."

ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು.

"ವಯಸ್ಸಿನ ಮಿತಿ ನಿನಗೆ ಇನ್ನೂ ದಾಟಿಲ್ಲ" ಎಂದೆ. "ಹೊಸ ನೇಮಕಾತಿ ಬರುತ್ತದಂತೆ. ಅರ್ಜಿ ನಾನೇ ತರುತ್ತೇನೆ. ಪರೀಕ್ಷೆಗೆ ಒಟ್ಟಿಗೆ ಕೂತು ಓದುವ. ನಿನ್ನಂಥವಳು ಹೀಗೆ ಕೂರುವುದು ನನಗೆ ನೋಡಲಿಕ್ಕಾಗುವುದಿಲ್ಲ."

"ನಿನಗೆ ನೋಡಲಿಕ್ಕಾಗುವುದಿಲ್ಲ ಅಂತ ನಾನು ಅರ್ಜಿ ಹಾಕಬೇಕಾ?"

ಅವಳ ಬಾಯಲ್ಲಿ ನಾನು ಕೇಳಿದ ಏಕೈಕ ಕಟುವಾದ ಮಾತು ಅದು. ಹೇಳಿದವಳೇ ಸ್ವಲ್ಪ ಬೆಚ್ಚಿದ ಹಾಗೆ ಕಂಡಿತು. ಮತ್ತೆ ಮೊದಲಿನ ಸಣ್ಣ ದನಿಯಲ್ಲೇ ಮುಂದುವರಿಸಿದಳು:

"ಅರ್ಜಿ ಹಾಕಿದರೆ ಆಗ್ತದಾ ಮಾರಾಯ್ತಿ? ಮಕ್ಕಳ ಎದುರು ನಿಲ್ಲಬೇಕಲ್ಲ. ಅದು ಹೋಗಿದೆ ನನ್ನಿಂದ. ಮಗಳು ಈಗ ಎರಡನೇ ಕ್ಲಾಸು. ಲೆಕ್ಕ ಹಿಡಿದುಕೊಂಡು ಬಂದು ಅಮ್ಮ ಹೇಳಿಕೊಡು ಅಂತ ಕೂರುತ್ತಾಳೆ. ನಾನು ತಪ್ಪು ಹೇಳಿಕೊಟ್ಟು ಅವಳು ಹಾಳಾದರೆ ಅಂತ ಹೆದರಿಕೆ ಆಗ್ತದೆ. ಅದಕ್ಕೆ ಟ್ಯೂಷನಿಗೆ ಹಾಕಿದ್ದೇನೆ."

"ಯಾವಾಗ ಟ್ಯೂಷನ್?" ಎಂದು ಕೇಳಿದೆ.

"ಐದು ಗಂಟೆಗೆ" ಎಂದಳು. ಗಡಿಯಾರ ನೋಡಿ, "ಕರೆದುಕೊಂಡು ಹೋಗ್ಬೇಕು ಈಗ" ಎಂದು ಮೇಜಿನ ಮೇಲಿನ ಪುಸ್ತಕಗಳನ್ನು ಒತ್ತಟ್ಟಿಗೆ ಇಟ್ಟು ಎದ್ದು ನಿಂತಳು.